ಬೆಂಗಳೂರಿನಿಂದ ಪುಣೆಗೆ ಮನೆ ಬದಲಾವಣೆ: ಬೆಕ್ಕನ್ನು ಕರೆದೊಯ್ಯುವುದು ಹೇಗೆ?

ಪ್ರಶ್ನೆ: ಬನಶಂಕರಿಯವಳು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಪುಣೆಗೆ ವರ್ಗವಾಗಿದ್ದು, ಮೇ ತಿಂಗಳ ಕೊನೆಯೊಳಗೆ ಬನಶಂಕರಿಯ ಬಾಡಿಗೆ ಮನೆಯನ್ನು ತೆರವು ಮಾಡಬೇಕಾಗಿದೆ. ಸಾಮಾನು ಸಾಗಿಸಲು ಲಾರಿ ಗೊತ್ತುಮಾಡಿಯಾಗಿದೆ, ಮಗಳ ಶಾಲೆಯ ವಿಷಯವೂ ಬಗೆಹರಿದಿದೆ. ಉಳಿದಿರುವುದು ಬೆಕ್ಕಿನ ಚಿಂತೆಯೊಂದೇ. ನಮ್ಮದು ಬೀದಿಯಲ್ಲಿ ಹುಟ್ಟಿ ನಮ್ಮ ಮನೆ ಸೇರಿದ ನಾಡು ಬೆಕ್ಕು, ನಾಲ್ಕು ವರ್ಷದ ಗಂಡು, ತೂಕ ನಾಲ್ಕೂವರೆ ಕಿಲೋ. ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬಿಸ್ ಲಸಿಕೆಯೂ ಆಗಿವೆ. ಹಗಲೆಲ್ಲ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗಿ ಬರುವ ಅಭ್ಯಾಸವಿದ್ದು, ಮಲಮೂತ್ರವನ್ನೂ ಹಿತ್ತಲಿನ ಮಣ್ಣಿನಲ್ಲಿಯೇ ಮುಗಿಸಿ ಬರುತ್ತದೆ. ಆಸ್ಪತ್ರೆಗೆ ಹೋಗಲು ಆಟೊದಲ್ಲಿ ಹತ್ತು ನಿಮಿಷ ಕುಳಿತರೂ ದಾರಿಯುದ್ದಕ್ಕೂ ಕೂಗುತ್ತದೆ. ಪುಣೆಯ ಕೋಥ್ರೂಡ್‌ನಲ್ಲಿ ನಮಗೆ ಸಿಕ್ಕಿರುವುದು ಏಳನೆಯ ಮಹಡಿಯ ಮನೆ.

ಸ್ವಂತ ಕಾರು, ರೈಲು, ವಿಮಾನ ಈ ಮೂರರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲಾಗುತ್ತಿಲ್ಲ. ಸಾಮಾನಿನವರು ತಮ್ಮ ಲಾರಿಯಲ್ಲಿಯೇ ಪಂಜರವಿಟ್ಟು ಕರೆತರುತ್ತೇವೆ ಎನ್ನುತ್ತಾರೆ. ಔಷಧದ ಅಂಗಡಿಯವರು ನಿದ್ದೆ ಮಾತ್ರೆ ಕೊಟ್ಟರೆ ಸಾಕು ಎಂದರು. ನಮ್ಮ ಅತ್ತೆಯವರಂತೂ ಬೆಕ್ಕಿಗೆ ಒಗ್ಗುವುದು ಮನೆಯೇ ಹೊರತು ಮನೆಯವರಲ್ಲ, ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿ ಎಂದು ಹೇಳುತ್ತಿದ್ದಾರೆ. ಬಿಟ್ಟು ಹೋಗುವ ಮಾತು ಮಗಳ ಮುಂದೆ ಎತ್ತುವಂತೆಯೇ ಇಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೊಲ್ಹಾಪುರ ದಾರಿಯವ

ಈ ಹೆದ್ದಾರಿಯಲ್ಲಿ ಬೆಕ್ಕಿನೊಂದಿಗೆ ಓಡಾಡಿರುವ ಕಾರಣ ನನ್ನ ಮತ ಕಾರಿನ ಕಡೆಗೇ ಇದೆ. ಗಾಳಿ, ತಂಪು, ನಿಲ್ಲಿಸುವ ಜಾಗ, ಬಾಗಿಲು ತೆರೆಯುವ ಹೊತ್ತು ಇವೆಲ್ಲವೂ ನಿಮ್ಮ ಕೈಯಲ್ಲಿರುವುದು ಕಾರಿನಲ್ಲಿ ಮಾತ್ರ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಬಿಸಿಲೇರುವ ಹೊತ್ತಿಗೆ ಚಿತ್ರದುರ್ಗ ದಾಟಿರುತ್ತೀರಿ. ಹುಬ್ಬಳ್ಳಿ-ಧಾರವಾಡದವರೆಗೆ ದಾರಿ ನೇರವಾಗಿದ್ದು ಬೆಕ್ಕಿಗೆ ತೊಂದರೆಯಿಲ್ಲ. ಹೊಟ್ಟೆ ತೊಳಸುವಂಥ ತಿರುವುಗಳು ಬರುವುದು ಬೆಳಗಾವಿ ದಾಟಿದ ಮೇಲೆ ವಂಟಮುರಿ ಘಾಟಿನಲ್ಲಿ, ಆಮೇಲೆ ಸಾತಾರಾ ಮುಗಿದು ಖಂಬಾಟ್ಕಿ ಸುರಂಗದಿಂದ ಹೊರಬಿದ್ದ ಕೂಡಲೇ. ಅಲ್ಲಿ ನಿಧಾನವಾಗಿ ಹೋಗಿ.

ಪಂಜರವನ್ನು ಮುಂದಿನ ಸೀಟಿನ ಹಿಂಬದಿಯ ಕಾಲಿಡುವ ಜಾಗದಲ್ಲಿ ಅಲುಗದಂತೆ ಇಡುವುದು ಒಳ್ಳೆಯದು. ಸೀಟಿನ ಮೇಲೆಯೇ ಇಡುವುದಾದರೆ ಬೆಲ್ಟಿನಿಂದ ಬಿಗಿಯಬೇಕು. ಮೇಲೆ ತೆಳುವಾದ ಹತ್ತಿಯ ಬಟ್ಟೆ ಹೊದಿಸಿದರೆ ಹೊರಗೆ ಓಡುವ ಲಾರಿಗಳು ಕಾಣದೆ ಬೆಕ್ಕು ಬೇಗ ಸುಮ್ಮನಾಗುತ್ತದೆ. ಆದರೆ ಗಾಳಿಯಾಡಲು ಒಂದು ಬದಿ ತೆರೆದಿರಲಿ. ಕೂಗುತ್ತದೆಂದು ಮರುಕಪಟ್ಟು ಮಡಿಲಿಗೆ ತೆಗೆದುಕೊಳ್ಳುವುದು ಬೇಡವೇ ಬೇಡ. ಬೆದರಿದ ಬೆಕ್ಕು ಓಡಿಸುವವರ ಕಾಲಿನ ಬಳಿ, ಬ್ರೇಕ್ ಪೆಡಲಿನ ಕೆಳಗೆ ನುಸುಳಿದರೆ ಇಡೀ ಕುಟುಂಬಕ್ಕೇ ಅಪಾಯ. ಟೋಲ್ ಗೇಟಿನಲ್ಲಿ ಗಾಜು ಇಳಿಸುವ ಮುನ್ನ, ಪೆಟ್ರೋಲ್ ಬಂಕಿನಲ್ಲಿ ಬಾಗಿಲು ತೆರೆಯುವ ಮುನ್ನ ಪಂಜರದ ಚಿಲಕವನ್ನೊಮ್ಮೆ ನೋಡುವ ಕೆಲಸವನ್ನು ನಿಮ್ಮ ಮಗಳಿಗೇ ಒಪ್ಪಿಸಿ. ಮಕ್ಕಳು ಇಂಥ ಕೆಲಸವನ್ನು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ. ಊಟಕ್ಕೆ ನಿಲ್ಲಿಸಿದಾಗ ಒಬ್ಬರು ಕಾರಿನಲ್ಲಿಯೇ ಇರಬೇಕು. ಮೇ ತಿಂಗಳಲ್ಲಿ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಂತಾಗುತ್ತದೆ.

ಲಾರಿಯ ಮಾತಿಗೆ ಒಪ್ಪಬೇಡಿ. ಸಾಮಾನಿನ ನಡುವೆ ಗಾಳಿಯಿಲ್ಲದ ಕತ್ತಲಲ್ಲಿ ಎರಡು ಮೂರು ದಿನ ಜೀವಂತ ಪ್ರಾಣಿಯನ್ನಿಡುವುದು ಯೋಚಿಸುವಂಥ ಮಾತೇ ಅಲ್ಲ.

ಉತ್ತರ: ಪ್ಯಾಸೆಂಜರ್ ಗಾಡಿ

ಕಾರಿರುವವರಿಗೆ ಕಾರೇ ಸರಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಈ ಪುಟವನ್ನು ಮುಂದೆ ಓದುವವರಲ್ಲಿ ಕಾರಿಲ್ಲದವರೂ ಇರಬಹುದಾದ್ದರಿಂದ ರೈಲಿನ ವಿಚಾರ ಹೇಳುತ್ತೇನೆ. ಸ್ಲೀಪರ್, ಎಸಿ ಎರಡನೆಯ ಮತ್ತು ಮೂರನೆಯ ದರ್ಜೆ, ಚೇರ್ ಕಾರ್ ಇವುಗಳಲ್ಲಿ ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ. ಎಸಿ ಮೊದಲ ದರ್ಜೆಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿಯಾಗಿ ಪಡೆದವರು ಮಾತ್ರ ತಮ್ಮೊಂದಿಗೆ ಕರೆದೊಯ್ಯಬಹುದು. ಟಿಕೆಟ್ ಕಾಯ್ದಿರಿಸಿದ ಮಾತ್ರಕ್ಕೆ ಕೂಪೆ ನಿಮ್ಮದಾಗುವುದಿಲ್ಲ. ಚಾರ್ಟ್ ಸಿದ್ಧವಾದಾಗಲೇ ಅದು ಗೊತ್ತಾಗುವುದು. ಆದ್ದರಿಂದ ಸಾಕುಪ್ರಾಣಿ ಇದೆ, ಕೂಪೆ ಕೊಡಬೇಕು ಎಂದು ವಾಣಿಜ್ಯ ವಿಭಾಗದ ಅಧಿಕಾರಿಗಳಿಗೆ ಮೊದಲೇ ಅರ್ಜಿ ಸಲ್ಲಿಸುವುದು ರೂಢಿ. ಹೊರಡುವ ದಿನ ಸಮಯಕ್ಕೆ ಸಾಕಷ್ಟು ಮುಂಚೆಯೇ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಹೋಗಿ, ಟಿಕೆಟ್, ಲಸಿಕೆಯ ಕಾರ್ಡ್ ಮತ್ತು ಪಶುವೈದ್ಯರ ಪ್ರಮಾಣಪತ್ರ ತೋರಿಸಿ, ಹಣ ಕಟ್ಟಿ ರಸೀದಿ ಪಡೆಯಬೇಕು. ಕೂಪೆ ಸಿಗದಿದ್ದರೆ ಉಳಿಯುವ ದಾರಿ ಬ್ರೇಕ್ ವ್ಯಾನಿನ, ಅಂದರೆ ಗಾರ್ಡ್ ಇರುವ ಡಬ್ಬಿಯ, ಪೆಟ್ಟಿಗೆ. ಆ ಸದ್ದಿನಲ್ಲಿ, ಸೆಕೆಯಲ್ಲಿ ಬೆಕ್ಕನ್ನು ಒಂಟಿಯಾಗಿ ಕಳುಹಿಸುವುದಕ್ಕಿಂತ ಪ್ರಯಾಣದ ದಿನವನ್ನೇ ಬದಲಿಸುವುದು ಮೇಲು.

ವಿಮಾನದ ಬಗ್ಗೆ ಎರಡೇ ಮಾತು. ಇಂಡಿಗೋದಲ್ಲಿ ಸಾಕುಪ್ರಾಣಿಗಳನ್ನು ಕರೆದೊಯ್ಯುವಂತಿಲ್ಲ. ಏರ್ ಇಂಡಿಯಾ, ಮತ್ತು 2022ರ ನವೆಂಬರ್‌ನಿಂದ ಆಕಾಸಾ ಏರ್, ತೂಕದ ಮಿತಿಯೊಳಗಿದ್ದರೆ ಕ್ಯಾಬಿನ್ನಿನಲ್ಲಿಯೇ ಒಯ್ಯಲು ಬಿಡುತ್ತವೆ. ಆ ಮಿತಿಯಲ್ಲಿ ಚೀಲದ ತೂಕವೂ ಸೇರುತ್ತದೆ. ನಿಮ್ಮ ಬೆಕ್ಕೇ ನಾಲ್ಕೂವರೆ ಕಿಲೋ ಇರುವುದರಿಂದ ಹೊರಡುವ ವಾರದ ನಿಯಮವನ್ನು ಕೇಳಿಕೊಂಡೇ ಟಿಕೆಟ್ ತೆಗೆಯಿರಿ. ಭದ್ರತಾ ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹೋಗುತ್ತದೆ, ಬೆಕ್ಕು ನಿಮ್ಮ ತೋಳಿನಲ್ಲಿರುತ್ತದೆ. ಎದೆಪಟ್ಟಿ ಮತ್ತು ಹಗ್ಗ ಹಾಕಿರದಿದ್ದರೆ ಕೈ ತಪ್ಪಲು ಅದಕ್ಕಿಂತ ಕೆಟ್ಟ ಜಾಗ ಮತ್ತೊಂದಿಲ್ಲ.

ಉತ್ತರ: ಧಾರವಾಡದ ಪಶುವೈದ್ಯ

ವಾಹನದ ಚರ್ಚೆ ಸಾಕಷ್ಟು ಆಗಿದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಹೊರಡುವ ಮುಂಚಿನ ನಾಲ್ಕು ವಾರಗಳು. ಆಟೊದಲ್ಲಿ ಕೂಗುವ ಬೆಕ್ಕಿಗೆ ಪಂಜರವೆಂದರೆ ಸೂಜಿ ಚುಚ್ಚಿಸಿಕೊಳ್ಳಲು ಹೋಗುವ ಪೆಟ್ಟಿಗೆ ಎಂಬ ಅರ್ಥ ಕೂತುಬಿಟ್ಟಿದೆ. ಆ ನಂಟನ್ನು ಬಿಡಿಸಬೇಕು. ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನಿಂದಲೂ ತೆರೆಯಬಹುದಾದ ಪಂಜರವನ್ನು ಇಂದೇ ತಂದು, ಅದು ದಿನವೂ ಮಲಗುವ ಜಾಗದಲ್ಲಿ ಬಾಗಿಲು ತೆಗೆದು ಇಡಿ. ನಿಮ್ಮ ಹಳೆಯ ಸೀರೆಯ ತುಂಡನ್ನು ಹಾಸಿ, ಅದನ್ನು ಒಗೆಯಬೇಡಿ. ಊಟವನ್ನು ಮೊದಲು ಪಂಜರದ ಹತ್ತಿರ, ಕ್ರಮೇಣ ಅದರೊಳಗೇ ಕೊಡಿ. ತಾನಾಗಿ ಒಳಗೆ ಹೋಗಿ ಮಲಗತೊಡಗಿದ ಮೇಲೆ ಬಾಗಿಲು ಹಾಕಿ ಕೆಲವು ನಿಮಿಷ, ಆಮೇಲೆ ಕಾರಿನಲ್ಲಿಟ್ಟು ಬೀದಿಯ ಸುತ್ತ ಒಂದು ಸುತ್ತು, ಹೀಗೆ ಬೆಳೆಸಿಕೊಂಡು ಹೋಗಿ.

ಎರಡನೆಯ ತಯಾರಿ ಮಲಮೂತ್ರದ್ದು. ಹಿತ್ತಲಿಗೆ ಹೋಗುವ ಬೆಕ್ಕಿಗೆ ಏಳನೆಯ ಮಹಡಿಯಲ್ಲಿ ಹಠಾತ್ತನೆ ಮಲಮೂತ್ರದ ಟ್ರೇ ತೋರಿಸಿದರೆ ಅದು ಹಾಸಿಗೆಯನ್ನೋ ಕುಂಡವನ್ನೋ ಆರಿಸಿಕೊಳ್ಳುತ್ತದೆ. ಹಿತ್ತಲಿನ ಮಣ್ಣನ್ನೇ ಟ್ರೇಗೆ ತುಂಬಿ ಈಗಲೇ ಅಭ್ಯಾಸ ಮಾಡಿಸಿ, ವಾರ ವಾರ ಅಂಗಡಿಯಲ್ಲಿ ಬೆಕ್ಕಿನ ಟ್ರೇಗೆಂದೇ ಸಿಗುವ ಮರಳನ್ನು ಬೆರೆಸುತ್ತ ಹೋಗಿ. ಹೊರಡುವ ಮುಂಚಿನ ವಾರದಲ್ಲಿ ಹೊರಗೆ ಬಿಡುವುದನ್ನು ಪೂರ್ತಿ ನಿಲ್ಲಿಸುವುದಕ್ಕೂ ಇದರಿಂದ ಅನುಕೂಲವಾಗುತ್ತದೆ. ಪ್ರಯಾಣದ ದಿನ ಬೆಕ್ಕು ಹೊರಗೆ ಹೋಗಿ ಮರಳದಿದ್ದರೆ ಲಾರಿ ಕಾಯುವುದಿಲ್ಲ.

ಔಷಧದ ಅಂಗಡಿಯವರು ಹೇಳಿದ ಮಾತ್ರೆಯನ್ನು ಖಂಡಿತ ಕೊಡಬೇಡಿ. ಮನುಷ್ಯರ ಮಾತ್ರೆಗಳಲ್ಲಿ ಎಷ್ಟೋ ಬೆಕ್ಕಿಗೆ ವಿಷ. ಪ್ಯಾರಸಿಟಮಾಲ್ ಒಂದು ಮಾತ್ರೆಯೂ ಪ್ರಾಣಕ್ಕೆ ಎರವಾಗಬಲ್ಲದು. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಅಸಿಪ್ರೊಮಜೀನ್ ಎಂಬ ಮಂಪರಿನ ಔಷಧ ದೇಹವನ್ನು ಮಂಕಾಗಿಸುತ್ತದೆಯೇ ಹೊರತು ಭಯವನ್ನು ನೀಗಿಸುವುದಿಲ್ಲ, ರಕ್ತದೊತ್ತಡವನ್ನೂ ಇಳಿಸುತ್ತದೆ. ಇಂದು ನಾವು ಸಾಮಾನ್ಯವಾಗಿ ಬರೆದುಕೊಡುವುದು ಗ್ಯಾಬಪೆಂಟಿನ್. ಪ್ರಮಾಣವನ್ನು ತೂಕ ಮತ್ತು ಮೂತ್ರಪಿಂಡದ ಆರೋಗ್ಯ ನೋಡಿ ವೈದ್ಯರೇ ನಿರ್ಧರಿಸಬೇಕು. ಹೊರಡುವ ಎರಡು ಗಂಟೆ ಮೊದಲು ಕೊಡುವುದು ವಾಡಿಕೆ. ಕೆಲವು ಬೆಕ್ಕುಗಳು ಇದರಿಂದ ತೂರಾಡುವುದರಿಂದ ಮನೆಯಲ್ಲಿಯೇ ಒಂದು ದಿನ ಕೊಟ್ಟು ನೋಡಿ. ವಾಂತಿಯಾಗುವುದಿದ್ದರೆ ಅದಕ್ಕೆ ಬೇರೆ ಔಷಧವಿದೆ, ಕೇಳಿ ಪಡೆಯಿರಿ. ಹೊರಡುವ ನಾಲ್ಕೈದು ಗಂಟೆ ಮೊದಲು ಆಹಾರ ನಿಲ್ಲಿಸಿ, ನೀರು ಮಾತ್ರ ಇರಲಿ. ದಾರಿಯಲ್ಲಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅದು ಸೆಕೆಯ ಅಥವಾ ಅತಿಯಾದ ಭಯದ ಲಕ್ಷಣ. ಕಾರನ್ನು ನೆರಳಿಗೆ ನಿಲ್ಲಿಸಿ ತಂಪು ಮಾಡಿ, ನಿಲ್ಲದಿದ್ದರೆ ಹತ್ತಿರದ ಊರಿನ ವೈದ್ಯರಲ್ಲಿಗೆ ಹೋಗಿ.

ಪ್ರಾಣಿಗಳ ಸಾಗಣೆ ನಿಯಮಗಳು, 1978ರ ಪ್ರಕಾರ ನಾಯಿ ಬೆಕ್ಕುಗಳನ್ನು ಸಾಗಿಸುವಾಗ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ, ರೇಬಿಸ್ ಮೊದಲಾದ ಸೋಂಕಿನ ಲಕ್ಷಣಗಳಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಇರಬೇಕು. ಸ್ವಂತ ಕಾರಿನಲ್ಲಿ ಕೇಳುವವರು ಅಪರೂಪ; ಆದರೂ ಜೊತೆಯಲ್ಲಿರಲಿ.

ಪ್ರಶ್ನಿಸಿದವರಿಂದ: ಬನಶಂಕರಿಯವಳು

ಎಲ್ಲರಿಗೂ ಅನಂತ ಧನ್ಯವಾದಗಳು. ಕಾರಿನಲ್ಲಿಯೇ ಹೋಗುವುದೆಂದು ತೀರ್ಮಾನಿಸಿದ್ದೇವೆ. ಪಂಜರ ನಿನ್ನೆಯೇ ಬಂದಿದ್ದು, ಸದ್ಯಕ್ಕೆ ಬೆಕ್ಕು ಅದರ ಒಳಗಲ್ಲ, ಮೇಲೆ ಹತ್ತಿ ಕುಳಿತಿದೆ. ಇನ್ನೊಂದು ಸಂದೇಹವಿದೆ. ನಮ್ಮವರಿಗೆ ಒಂದೇ ದಿನದಲ್ಲಿ ಅಷ್ಟು ದೂರ ಓಡಿಸುವುದು ಕಷ್ಟ. ಧಾರವಾಡದಲ್ಲಿ ನಾದಿನಿಯ ಮನೆಯಿದೆ, ಆದರೆ ಅಲ್ಲಿ ನಾಯಿಯಿದೆ. ಹೋಟೆಲಿನಲ್ಲಿ ತಂಗುವುದು ಒಳ್ಳೆಯದೋ, ಅಥವಾ ಬೆಕ್ಕಿನ ದೃಷ್ಟಿಯಿಂದ ತಂಗದೆ ಹೋಗುವುದೇ ಒಳ್ಳೆಯದೋ?

ಉತ್ತರ: ಕೊಲ್ಹಾಪುರ ದಾರಿಯವ

ಬೆಕ್ಕಿನ ಮಟ್ಟಿಗೆ ಒಂದೇ ದಿನದಲ್ಲಿ ಮುಗಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ರಾತ್ರಿ ತಂಗಿದರೆ ಅದಕ್ಕೆ ಹೊಸ ಜಾಗದ ಭಯ ಎರಡು ಸಲ. ಓಡಿಸಲು ಬಾಡಿಗೆ ಚಾಲಕರೊಬ್ಬರನ್ನು ಕರೆದುಕೊಂಡರೆ ಆ ಖರ್ಚು ಹೋಟೆಲಿನ ಖರ್ಚಿಗೆ ಸರಿಹೋಗಬಹುದು.

ಉತ್ತರ: ಧಾರವಾಡದ ಪಶುವೈದ್ಯ

ನಿದ್ದೆಗಣ್ಣಿನಲ್ಲಿ ಓಡಿಸುವುದಕ್ಕಿಂತ ತಂಗುವುದೇ ಕ್ಷೇಮ ಎಂದು ನಾನು ಹೇಳುತ್ತೇನೆ. ನಾದಿನಿಯವರ ಮನೆಗೇ ಹೋಗಿ. ನಾಯಿಯನ್ನು ಬೇರೆ ಕಡೆ ಕಟ್ಟಿಸಿ, ಬೆಕ್ಕನ್ನು ಟ್ರೇ ಮತ್ತು ನೀರಿನೊಂದಿಗೆ ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಇರಿಸಿ. ಹೋಟೆಲಾದರೆ ಪ್ರಾಣಿಗಳಿಗೆ ಅನುಮತಿಯಿದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ, ಕೋಣೆಯಲ್ಲಿ ಬಿಡುವ ಮುನ್ನ ಮಂಚದ ಕೆಳಗಿನ ಸಂದುಗಳನ್ನು ನೋಡಿಕೊಳ್ಳಿ. ಬೆಳಿಗ್ಗೆ ಹೊರಡುವ ಹೊತ್ತಿಗೆ ಪೆಟ್ಟಿಗೆ ಮಂಚದ ಒಳಗೆ ಸೇರಿಕೊಂಡ ಬೆಕ್ಕನ್ನು ಹೊರತೆಗೆಯುವುದು ಸುಲಭವಲ್ಲ.

ಉತ್ತರ: ಕೋಥ್ರೂಡ್ ಕನ್ನಡತಿ

ನಾನು ನೀವು ಬರಲಿರುವ ಬಡಾವಣೆಯಲ್ಲಿಯೇ ಬೆಕ್ಕುಗಳೊಂದಿಗೆ ವಾಸವಾಗಿರುವವಳು. ಬೆಕ್ಕು ಕಳೆದುಹೋಗುವುದು ಹೆದ್ದಾರಿಯಲ್ಲಿಯೇ ಎಂದು ಎಲ್ಲರೂ ಹೆದರುತ್ತಾರೆ. ನಾನು ಕಂಡಂತೆ ಹೆಚ್ಚು ಅಪಾಯ ಸಾಮಾನು ಕಟ್ಟುವ ದಿನದ್ದು: ಬಾಗಿಲುಗಳೆಲ್ಲ ತೆರೆದಿರುತ್ತವೆ, ಅಪರಿಚಿತರು ಓಡಾಡುತ್ತಿರುತ್ತಾರೆ, ಬೀರು ಎಳೆಯುವ ಸದ್ದಿಗೆ ಬೆಕ್ಕು ಕಿಟಕಿಯಿಂದ ಹಾರಿ ಮಾಯವಾಗುತ್ತದೆ. ಆ ದಿನ ಬೆಳಿಗ್ಗೆಯೇ ಒಂದು ಕೋಣೆಯನ್ನು ಖಾಲಿ ಮಾಡಿಸಿ, ಬೆಕ್ಕನ್ನು ಪಂಜರದೊಂದಿಗೆ ಅಲ್ಲಿರಿಸಿ, ಹೊರಗಿನಿಂದ ಚಿಲಕ ಹಾಕಿ, ತೆರೆಯಬಾರದೆಂದು ಕನ್ನಡ ಮತ್ತು ಹಿಂದಿಯಲ್ಲಿ ಬರೆದು ಅಂಟಿಸಿ. ಮನೆಯಿಂದ ಕೊನೆಗೆ ಹೊರಡುವುದು ಬೆಕ್ಕಾಗಿರಲಿ.

ಇಲ್ಲಿಗೆ ಬಂದ ಮೇಲೆ ಇಡೀ ಮನೆಯನ್ನು ಒಮ್ಮೆಲೇ ತೋರಿಸಬೇಡಿ. ಚಿಕ್ಕ ಕೋಣೆಯೊಂದರಲ್ಲಿ ಹಳೆಯ ಹಾಸು, ಟ್ರೇ, ನೀರು ಮತ್ತು ಅದೇ ಹಳೆಯ ಊಟವಿಟ್ಟು ಕೆಲವು ದಿನ ಅಲ್ಲಿಯೇ ಇರಲು ಬಿಡಿ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ, ರಾತ್ರಿ ತಾನಾಗಿ ಬರುತ್ತದೆ. ಮೊದಲ ದಿನ ಊಟ ಬಿಡುವುದು ಸಹಜ. ಎರಡು ದಿನ ದಾಟಿದರೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ, ಏಕೆಂದರೆ ಉಪವಾಸವಿದ್ದ ಬೆಕ್ಕಿನ ಯಕೃತ್ತು ಕೆಡುತ್ತದೆ. ಗಂಡುಬೆಕ್ಕಾದ್ದರಿಂದ ಇನ್ನೂ ಒಂದನ್ನು ಗಮನಿಸಿ: ಮತ್ತೆ ಮತ್ತೆ ಟ್ರೇಯಲ್ಲಿ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಬಾಲ್ಕನಿಗೆ ಜಾಲರಿಯನ್ನು ನೀವು ಬರುವ ಮೊದಲೇ ಹಾಕಿಸಿ. ಪಾರಿವಾಳಗಳಿಗೆಂದು ಇಲ್ಲಿ ಎಲ್ಲರೂ ಹಾಕಿಸುವ ನೈಲಾನ್ ಬಲೆಯನ್ನು ಬೆಕ್ಕು ಕಡಿದು ತೂತು ಮಾಡಬಲ್ಲದು, ಲೋಹದ ಜಾಲರಿಯೇ ಆಗಬೇಕು. ಪಾರಿವಾಳದ ಹಿಂದೆ ಹಾರಿದ ಬೆಕ್ಕಿಗೆ ಮಹಡಿ ಎಷ್ಟನೆಯದೆಂಬುದು ತಿಳಿಯದು. ಹೊರಗೆ ತಿರುಗಿ ಬೆಳೆದ ನಿಮ್ಮ ಬೆಕ್ಕು ಕೆಲವು ವಾರ ಕಿಟಕಿಯ ಬಳಿ ಕುಳಿತು ಕೂಗಿಯೇ ತೀರುತ್ತದೆ. ಸಂಜೆ ಆಟವಾಡಿಸಿ, ಹತ್ತಿ ಕೂರಲು ಎತ್ತರದ ಹಲಗೆ ಮಾಡಿಸಿಕೊಡಿ. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಬೆಕ್ಕಿಗೆ ಜಾಗದ ನಂಟು ದೊಡ್ಡದು. ಆದರೆ ಆ ನಂಟು ಹೊಸ ಜಾಗದಲ್ಲಿಯೂ ಬೆಳೆಯುತ್ತದೆ.

ಕೊನೆಯದಾಗಿ, ಪುಣೆ ಮಹಾನಗರಪಾಲಿಕೆಯಲ್ಲಿ ನಾಯಿಗಳಂತೆ ಬೆಕ್ಕುಗಳಿಗೂ ಪರವಾನಗಿ ಪಡೆಯಬೇಕು. ಅದಕ್ಕೆ ರೇಬಿಸ್ ಲಸಿಕೆಯ ದಾಖಲೆ ಬೇಕಾಗುವುದರಿಂದ, ಲಸಿಕೆಯ ಮೂಲ ಕಾರ್ಡನ್ನು ಲಾರಿಗೆ ಹೋಗುವ ಕಾಗದಪತ್ರಗಳ ಪೆಟ್ಟಿಗೆಗೆ ಹಾಕದೆ ನಿಮ್ಮ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.