‘ಬಂಜರು’ ಎಂದರೆ ಸರಿಯೇ? ಕಾವಲಿಗೆ ಪಾಠದಲ್ಲಿ ಏನನ್ನೋಣ?

ಗೆಳೆಯರೇ,

ಐದನೇ ತರಗತಿ ಮಕ್ಕಳಿಗಾಗಿ ನೆಲದ ಬಗ್ಗೆ ಒಂದು ಪಾಠವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ‘ವೇಸ್ಟ್‌ಲ್ಯಾಂಡ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ರೂಢಿಯಂತೆ ‘ಬಂಜರು ಭೂಮಿ’ ಎಂದು ಬರೆದಿದ್ದೆ. ಚಳ್ಳಕೆರೆ ಕಡೆಯ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಅದನ್ನು ಓದಿ, “ನಮ್ಮ ಕಾವಲು ಬಂಜರಾ ಮಿಸ್? ಅಲ್ಲಿ ಅಷ್ಟೊಂದು ಹುಲ್ಲಿದೆಯಲ್ಲ” ಎಂದಳು. ಕಾವಲು ಎಂದರೆ ಅವರ ಕುರಿ ಮೇಯುವ ಹುಲ್ಲಿನ ಬಯಲು.

ಅವಳ ಮಾತು ಸರಿ. ಬಂಜರು ಎಂದರೆ ಏನೂ ಬೆಳೆಯದ ನೆಲ. ಆದರೆ ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ಉಳುಮೆ ಇಲ್ಲದ, ಹಾಗಾಗಿ ಕಂದಾಯ ಬಾರದ ನೆಲವೆಲ್ಲ ‘ವೇಸ್ಟ್’ ಆಗಿತ್ತು. ದನ ಮೇಯುವ ಹುಲ್ಲು, ಕುರುಚಲು ಕಾಡು, ಎಲ್ಲವೂ ಅದರಲ್ಲೇ. ನಮ್ಮ ಪಹಣಿಯಲ್ಲಿ ಇವತ್ತಿಗೂ ಉಳುಮೆಗೆ ಬಾರದ ನೆಲಕ್ಕೆ ‘ಖರಾಬು’ ಎಂದೇ ಇದೆ. ದಾರಿ, ಹಳ್ಳಕ್ಕೆ ಬಿಟ್ಟ ಜಾಗವೂ ‘ಬಿ ಖರಾಬು’! ಖರಾಬು ಅಂದರೆ ಕೆಟ್ಟದ್ದು ಅಂತಲೇ ಅಲ್ವಾ? 1985ರಲ್ಲಿ ದೇಶಕ್ಕೊಂದು ಬಂಜರು ಭೂಮಿ ಅಭಿವೃದ್ಧಿ ಮಂಡಳಿಯೂ ಬಂತು. ಆಳಿದವರು ಹೋದರೂ ಅವರ ಲೆಕ್ಕದ ಪದ ಉಳಿಯಿತು.

‘ಪಾಳುಭೂಮಿ’ ಇನ್ನೂ ಕಷ್ಟ. ಪಾಳು, ಹಾಳು ಎರಡೂ ಒಂದೇ ಪದ. ‘ಬೀಳು’ ಸ್ವಲ್ಪ ಮೆದು, ಆದರೆ ಅದು ಉಳದೆ ಬಿಟ್ಟ ಹೊಲ.

ಈಗ ‘ಕಾವಲು’ ನೋಡಿ. ಕಾಯುವುದರಿಂದ ಬಂದ ಪದ. ಮೇವಿಗಾಗಿ ಕಾದು ಉಳಿಸಿದ ನೆಲ. ಮೈಸೂರು ಅರಸರ ದನಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಇಂಥ ಕಾವಲುಗಳಿದ್ದವು. ಟಿಪ್ಪು ಆ ಚಾವಡಿಗೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಬೇರೆ ಬೇರೆ. ಯಾವ ಕಾಲದಲ್ಲಿ ಎಲ್ಲಿ ನೀರು, ಎಲ್ಲಿ ಮೇವು ಎಂಬ ತಿಳಿವಳಿಕೆ ಆ ಹೆಸರುಗಳಲ್ಲೇ ಇದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇದು: ‘ಹುಲ್ಲುಗಾವಲು’ ಎಂಬುದರಲ್ಲಿ ಇರುವುದೂ ಇದೇ ಕಾವಲು. ಹುಲ್ಲು, ಕಾವಲು ಸೇರಿ ಕಕಾರ ಗಕಾರವಾಗಿದೆ, ಅಷ್ಟೇ. ನಮ್ಮ ಪಾಠದಲ್ಲಿ ಆ ಪದ ಪ್ರೈರಿ, ಪಂಪಾಸ್, ಸ್ಟೆಪಿ ಎಂಬ ಹೊರನಾಡಿನ ಹುಲ್ಲು ಬಯಲುಗಳಿಗೆ ಸಿಕ್ಕಿದೆ. ಪದ ಕೊಟ್ಟ ನೆಲಕ್ಕೆ ಮಾತ್ರ ‘ಬಂಜರು’. ‘ನಿರ್ವಸಾಹತೀಕರಣ’, ಅಂದರೆ ಆಳಿದವರ ನೋಟದಿಂದ ಬಿಡಿಸಿಕೊಳ್ಳುವುದು, ಎಂಬ ದೊಡ್ಡ ಪದ ಕೇಳುತ್ತಿರುತ್ತೇವೆ. ಐದನೇ ತರಗತಿಯಲ್ಲಿ ಅದು ಈ ಒಂದು ಸಾಲಿನಿಂದಲೇ ಶುರುವಾಗಬೇಕು ಅನ್ನಿಸುತ್ತದೆ.

ಹಾಗಾಗಿ ವೇಸ್ಟ್‌ಲ್ಯಾಂಡಿಗೆ ಒಂದೇ ಪದ ಹುಡುಕುವುದನ್ನು ಬಿಟ್ಟಿದ್ದೇನೆ. ಕಾವಲು, ಗೋಮಾಳ (ಊರ ದನ ಮೇಯಲು ಬಿಟ್ಟ ನೆಲ), ಬೀಳು ಎಂದು ಬಿಡಿಸಿ ಬರೆಯೋಣ ಅಂತಿದ್ದೇನೆ. ಸರ್ಕಾರಿ ಲೆಕ್ಕದ ಮಾತು ಬಂದಲ್ಲಿ ಮಾತ್ರ ‘ಕಂದಾಯವಿಲ್ಲದ ನೆಲ’.

ಕೊಡಗಿನವರು ‘ಬಾಣೆ’ಯನ್ನು, ಮಲೆನಾಡಿನವರು ‘ಬ್ಯಾಣ’, ‘ಹಕ್ಕಲು’ಗಳನ್ನು ಹೇಗೆ ಬೇರೆ ಮಾಡುತ್ತೀರಿ? ಬಯಲುಸೀಮೆಯಲ್ಲಿ ಕಾವಲಿಗೂ ಗೋಮಾಳಕ್ಕೂ ನಡುವೆ ಗೆರೆ ಎಲ್ಲಿ? ನಿಮ್ಮೂರಲ್ಲಿ ದನ, ಕುರಿ ಮೇಯಿಸುವವರು ಆಡುವ ಪದವನ್ನೇ, ಅವರು ಹೇಳಿದಂತೆಯೇ ಬರೆದು ಕಳಿಸಿ.