ಪತ್ತೇದಾರಿ ಧಾರಾವಾಹಿಯಲ್ಲಿ ಎರವಲು ಕಥೆ: ಎಲ್ಲಿಯವರೆಗೆ ಸರಿ?

ಪ್ರಶ್ನೆ (ಧಾರವಾಡ)

ನಾವು ಕೆಲವು ಗೆಳೆಯರು ಸೇರಿ ಆರು ಕಂತುಗಳ ಪತ್ತೇದಾರಿ ಧಾರಾವಾಹಿಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದೇವೆ. ಕಥೆ ನಡೆಯುವುದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ದರ ನಿಗದಿಯ ಟೆಂಡರ್ ನಡೆಯುವ ಸೋಮವಾರ ಮತ್ತು ಗುರುವಾರಗಳಂದೇ ಮೂವರು ದಲಾಲರು ಒಬ್ಬರ ನಂತರ ಒಬ್ಬರಂತೆ ಕೊಲೆಯಾಗುತ್ತಾರೆ. ದರ ಸಿಗದೆ ಸಿಟ್ಟಿಗೆದ್ದ ಯಾರೋ ರೈತ ಸೇಡು ತೀರಿಸಿಕೊಳ್ಳುತ್ತಿದ್ದಾನೆಂದು ಪೊಲೀಸರು ನಂಬುತ್ತಾರೆ. ಕೊಲೆಗಾರನಿಗೆ ನಿಜವಾಗಿ ಬೇಕಾಗಿದ್ದದ್ದು ಒಬ್ಬನ ಸಾವು ಮಾತ್ರ, ಉಳಿದೆರಡು ಕೊಲೆಗಳು ಕಣ್ಣಿಗೆ ಮಣ್ಣೆರಚಲು ಮಾಡಿದವು ಎಂಬುದು ಕೊನೆಯ ಕಂತಿನಲ್ಲಿ ಬಯಲಾಗುತ್ತದೆ.

ಕರಡು ಓದಿದ ಗೆಳತಿಯೊಬ್ಬಳು, "ಇದು ಅಗಾಥಾ ಕ್ರಿಸ್ಟಿಯ 'ದಿ ಎಬಿಸಿ ಮರ್ಡರ್ಸ್' ಅಲ್ಲವೇ?" ಎಂದಳು. (ಆ ಕಾದಂಬರಿಯನ್ನು ಇನ್ನೂ ಓದದವರು ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.) ನಮ್ಮ ತಂಡದಲ್ಲಿ ಅದನ್ನು ಓದಿದವರಿದ್ದಾರೆ, ಹಾಗಾಗಿ ಪ್ರಭಾವವಿಲ್ಲ ಎಂದು ವಾದಿಸುವುದಿಲ್ಲ. ಆದರೆ ಟಿವಿಯ ಪತ್ತೇದಾರಿ ಕಥೆಗಳಲ್ಲಿ ಪೂರ್ತಿ ಹೊಸದು ಎಂಬುದು ಎಷ್ಟಿದೆ? 'ಸಿಐಡಿ' 1998ರಿಂದ 2018ರವರೆಗೆ 1500ಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. ಅಷ್ಟೂ ಕಂತುಗಳಿಗೆ ಅಷ್ಟೂ ಹೊಸ ಕೊಲೆಗಳನ್ನು ಯಾವ ಲೇಖಕರೂ ಹೊಸೆಯಲಾರರು. ಕಾನೂನಿನ ದೃಷ್ಟಿಯಿಂದಲೂ ನೋಡುಗರ ದೃಷ್ಟಿಯಿಂದಲೂ ಗೆರೆ ಎಲ್ಲಿದೆ ಎಂದು ತಿಳಿದವರು ಹೇಳಬೇಕು.

ಉತ್ತರ 1 (ಹುಬ್ಬಳ್ಳಿ, ವಕೀಲ)

ಕಾನೂನಿನ ಮಟ್ಟಿಗೆ ಉತ್ತರ ಚಿಕ್ಕದು. ಆರ್.ಜಿ. ಆನಂದ್ ಅವರು ಡಿಲಕ್ಸ್ ಫಿಲ್ಮ್ಸ್ ವಿರುದ್ಧ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಕೊಟ್ಟ ತೀರ್ಪನ್ನೇ ಇಂಥ ಪ್ರಕರಣಗಳಲ್ಲಿ ಇಂದಿಗೂ ಮುಂದಿಡುತ್ತಾರೆ. ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ಎತ್ತಿಕೊಂಡು 'ನ್ಯೂ ಡೆಲ್ಲಿ' ಎಂಬ ಚಲನಚಿತ್ರ ಮಾಡಿದ್ದಾರೆ ಎಂಬುದು ಆನಂದ್ ಅವರ ದೂರು. ಬೇರೆ ಬೇರೆ ಪ್ರಾಂತಗಳ ಎರಡು ಕುಟುಂಬಗಳು ಮತ್ತು ಅವರ ಮಕ್ಕಳ ಪ್ರೀತಿ ಎರಡರಲ್ಲೂ ಇದ್ದವು, ಆದರೂ ನ್ಯಾಯಾಲಯ ಆ ದೂರನ್ನು ಒಪ್ಪಲಿಲ್ಲ. ವಿಚಾರಕ್ಕೆ, ವಸ್ತುವಿಗೆ, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲ. ಲೇಖಕ ಅದನ್ನು ಹೇಳಿದ ಬಗೆಗೆ ಮಾತ್ರ ಇದೆ. ಎರಡನ್ನೂ ಕಂಡ ಪ್ರೇಕ್ಷಕನಿಗೆ ಇದು ಅದರ ನಕಲೇ ಎಂಬ ಭಾವನೆ ನಿಸ್ಸಂದೇಹವಾಗಿ ಮೂಡಿದರೆ ಅದು ಉಲ್ಲಂಘನೆ.

ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ನಮ್ಮ ಕಾಯ್ದೆಯಂತೆ ಹಕ್ಕು ಲೇಖಕರ ಮರಣಾನಂತರ 60 ವರ್ಷ ಉಳಿಯುವುದರಿಂದ 2036ರ ಕೊನೆಯವರೆಗೆ ಎಚ್ಚರ ಬೇಕು. ಪತ್ತೇದಾರನಿಗೆ ಮುಂಚಿತವಾಗಿ ಸವಾಲಿನ ಪತ್ರ ಬರುವುದು, ಶವದ ಪಕ್ಕದಲ್ಲಿ ರೈಲ್ವೆ ಗೈಡ್ ಸಿಗುವುದು, ಏನೂ ಅರಿಯದ ಬಡ ವ್ಯಾಪಾರಿಯೊಬ್ಬ ಸಿಕ್ಕಿಬೀಳುವುದು, ಇವೆಲ್ಲ ಅದೇ ಕ್ರಮದಲ್ಲಿ ನಿಮ್ಮಲ್ಲೂ ಬಂದರೆ ನಾನು ನಿಮ್ಮ ಪರ ವಕಾಲತ್ತು ಹಾಕಲು ಹಿಂಜರಿಯುತ್ತೇನೆ. ಒಂದು ಸಾವನ್ನು ಹಲವು ಸಾವುಗಳ ನಡುವೆ ಬಚ್ಚಿಡುವ ಉಪಾಯ ಮಾತ್ರ ಯಾರ ಸ್ವತ್ತೂ ಅಲ್ಲ.

ಉತ್ತರ 2 (ಗದಗ, ನಿವೃತ್ತ ಕನ್ನಡ ಮಾಸ್ತರ)

ವಕೀಲರ ಕೊನೆಯ ಮಾತಿಗೆ ಸಾಕ್ಷಿ ಒದಗಿಸುತ್ತೇನೆ. 1936ರ ಆ ಕಾದಂಬರಿಯ ಉಪಾಯ ಕ್ರಿಸ್ಟಿಯವರ ಸ್ವಂತದ್ದೂ ಅಲ್ಲ. ಇಂಗ್ಲಿಷ್ ಲೇಖಕ ಚೆಸ್ಟರ್ಟನ್ 1911ರಲ್ಲಿ ಪ್ರಕಟಿಸಿದ, ಪಾದ್ರಿ ಪತ್ತೇದಾರ ಫಾದರ್ ಬ್ರೌನ್‌ನ ಕಥೆಯೊಂದರಲ್ಲಿ ಸೇನಾಪತಿಯೊಬ್ಬ ತಾನು ಮಾಡಿದ ಒಂದು ಕೊಲೆಯನ್ನು ಮರೆಮಾಚಲು ತನ್ನ ದಂಡನ್ನೇ ಸಾವಿನ ಬಾಯಿಗೆ ನೂಕುತ್ತಾನೆ. ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸನನ್ನು ಮೊದಲ ಬಾರಿಗೆ ತಂದಾಗ, ಎಡ್ಗರ್ ಅಲನ್ ಪೋ 1841ರಲ್ಲಿ ಸೃಷ್ಟಿಸಿದ್ದ ಪತ್ತೇದಾರ ಡ್ಯೂಪಿನ್ನನನ್ನು ಹೋಮ್ಸನ ಬಾಯಿಂದಲೇ ಹೀಗಳೆಯಿಸಿದರು. ಸಾಲಗಾರನು ಸಾಲ ಕೊಟ್ಟವನನ್ನು ಬೈಯುವುದು ಹೊಸತೇನಲ್ಲ.

ನಮ್ಮ ಸೀಮೆಯಲ್ಲಂತೂ ಎರವಲು ಎಂದೂ ಅವಮಾನದ ಮಾತಾಗಿರಲಿಲ್ಲ. ಹಾವೇರಿ ಸೀಮೆಯ ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಒಂದು ಇಡೀ ಪೀಳಿಗೆಗೆ ಓದುವ ರುಚಿ ಹಚ್ಚಿದರು. ಅವರಿಗಿಂತ ಹಿಂದೆ, ಇಲ್ಲಿಯ ವೀರನಾರಾಯಣನ ಗುಡಿಯಲ್ಲಿ ಕುಳಿತು ಬರೆದ ಕುಮಾರವ್ಯಾಸ "ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ" ಎಂದು ಹೇಳಿ, ಆ ಕಥೆಯಲ್ಲಿ ಕಾಲಿಡಲು ತೆರಪಿಲ್ಲವೆಂದು ಭಾರತದ ಕಡೆ ಹೊರಳಿದ. ಭಾರತವೂ ಅವನದಲ್ಲ, ವ್ಯಾಸರದ್ದು. ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತಿದ್ದ ಜನ ಗಮಕಿಗಳ ಮುಂದೆ ಕುಳಿತು ಕಣ್ಣೀರು ಹಾಕಿದರು. ಆದ್ದರಿಂದ ಕಥೆ ಯಾರದೆಂದು ಚಿಂತಿಸದೆ ಬರೆಯಿರಿ, ಚೆನ್ನಾಗಿ ಬರೆಯಿರಿ.

ಉತ್ತರ 3 (ಹಾವೇರಿ)

ಮಾಸ್ತರರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಕರ್ಣಪರ್ವವನ್ನು ಕೇಳುವವರು ಮುಂದೇನು ಎಂದು ತಿಳಿಯಲು ಕೂರುವುದಿಲ್ಲ. ಪತ್ತೇದಾರಿ ಧಾರಾವಾಹಿಯ ಮುಂದೆ ಕೂತವರು ಅದಕ್ಕಾಗಿಯೇ ಕೂರುತ್ತಾರೆ. ಅಲ್ಲಿ ಮಾರಾಟಕ್ಕಿಟ್ಟ ಸರಕೇ ಗುಟ್ಟು, ಮತ್ತು ಎರವಲು ತಂದ ಗುಟ್ಟು ಅರ್ಧ ಜನರ ಪಾಲಿಗೆ ಮೊದಲೇ ಒಡೆದಿರುತ್ತದೆ. ಪತ್ತೇದಾರನ ವಿಚಿತ್ರ ಸ್ವಭಾವವನ್ನು ಎರವಲು ತನ್ನಿ, ಅವನ ದಡ್ಡ ಗೆಳೆಯನನ್ನು ತನ್ನಿ, ಕೊನೆಗೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ದೃಶ್ಯವನ್ನೂ ತನ್ನಿ, ನನ್ನ ತಕರಾರಿಲ್ಲ. ಬೀಗದ ಕೈಯನ್ನು ಮಾತ್ರ ನೀವೇ ಮಾಡಬೇಕು.

ಇದಕ್ಕೊಂದು ಅಪವಾದವಿದೆ, ಅದು ಮಾಸ್ತರರ ಕಡೆಗೇ ವಾಲುತ್ತದೆ. ಇಂಗ್ಲಿಷ್ ಪತ್ತೇದಾರಿ ಲೇಖಕ ಆಸ್ಟಿನ್ ಫ್ರೀಮನ್ 1912ರ ಸಂಕಲನವೊಂದರಲ್ಲಿ ಕೊಲೆಗಾರ ಯಾರೆಂದು ಮೊದಲೇ ತೋರಿಸಿ, ಅವನು ಸಿಕ್ಕಿಬೀಳುವ ಬಗೆಯನ್ನು ಆಮೇಲೆ ಹೇಳುವ ಕಥೆಗಳನ್ನು ಬರೆದರು. 1971ರಲ್ಲಿ ಸರಣಿಯಾಗಿ ಬರತೊಡಗಿದ ಅಮೆರಿಕದ ಟಿವಿ ಧಾರಾವಾಹಿ 'ಕೊಲಂಬೊ' ಅದೇ ಅಚ್ಚಿನದು. ಅಲ್ಲಿ ಗುಟ್ಟೇ ಇಲ್ಲದಿರುವುದರಿಂದ ಹಳೆಯ ಉಪಾಯವೂ ಸಲ್ಲುತ್ತದೆ. ನಾವು ನೋಡುವುದು ಆ ಮುದುರಿದ ರೇನ್‌ಕೋಟಿನ ಅಧಿಕಾರಿ ಬಾಗಿಲವರೆಗೆ ಹೋಗಿ ತಿರುಗಿ ಕೇಳುವ ಇನ್ನೊಂದು ಪ್ರಶ್ನೆಯನ್ನು. ನಿಮ್ಮದು ಆ ಜಾತಿಯ ಕಥೆಯಲ್ಲ.

ಈಗ ನಿಮ್ಮ ಕರಡಿಗೆ ಬರೋಣ. ಅದರಲ್ಲಿ ಬ್ಯಾಡಗಿ ಬರೀ ಪರದೆಯಾಗಿದೆ. ಅದೇ ಕಥೆಯನ್ನು ಹತ್ತಿ ಮಾರುಕಟ್ಟೆಗೆ ಎತ್ತಿಟ್ಟರೂ ಒಂದು ಸಾಲೂ ಬದಲಾಗುವುದಿಲ್ಲ, ಎರವಲು ಎದ್ದು ಕಾಣುವುದು ಅಲ್ಲಿಯೇ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್‌ಗಳಿವೆ. ಶವವನ್ನು ಚೀಲಗಳ ನಡುವೆ ಕೆಲ ಹೊತ್ತು ಇರಿಸಿ, ಆಮೇಲೆ ಅಂಗಡಿಯಲ್ಲಿ ಹಾಕಿದರೆಂದು ಇಟ್ಟುಕೊಳ್ಳಿ. ಚಳಿಯಲ್ಲಿ ದೇಹ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಮೈಯ ಉಷ್ಣತೆಯನ್ನಷ್ಟೇ ನೋಡಿದರೆ ಸತ್ತು ಬಹಳ ಹೊತ್ತಾಗಿದೆ ಎನ್ನಿಸುತ್ತದೆ. ಸತ್ತ ಮೇಲೆ ಬರುವ ಬಿಗಿತ ಮಾತ್ರ ಚಳಿಯಲ್ಲಿ ತಡವಾಗಿ ಬರುತ್ತದೆ, ಆದ್ದರಿಂದ ಬಿಗಿತವನ್ನು ನೋಡಿದರೆ ಈಗಷ್ಟೇ ಸತ್ತಂತಿರುತ್ತದೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗದಿರುವುದೇ ನಿಮ್ಮ ಸುಳಿವು. ಕ್ರಿಸ್ಟಿಯನ್ನು ಓದಿದವರು ಎರಡನೆಯ ಕೊಲೆಯ ಹೊತ್ತಿಗೆ "ಇವರಲ್ಲಿ ನಿಜವಾದ ಗುರಿ ಯಾರು?" ಎಂದು ಹುಡುಕಲು ಶುರು ಮಾಡುತ್ತಾರೆ. ಹುಡುಕಲಿ ಬಿಡಿ. ಅವರು ಒಬ್ಬನನ್ನು ಆರಿಸಿಕೊಳ್ಳುವಂತೆ ಬರೆದು, ಅವನಲ್ಲ ಎಂದು ತೋರಿಸಿ.

ಪ್ರಶ್ನೆ ಕೇಳಿದವರು (ಧಾರವಾಡ)

ಮೂವರಿಗೂ ಧನ್ಯವಾದಗಳು. ಪತ್ರದ ದೃಶ್ಯವನ್ನು ಇಂದೇ ಕಿತ್ತುಹಾಕಿದೆವು. ಕೋಲ್ಡ್ ಸ್ಟೋರೇಜ್ ವಿಚಾರವನ್ನು ತೆಗೆದುಕೊಳ್ಳಲು ಹಾವೇರಿಯವರ ಒಪ್ಪಿಗೆ ಬೇಕು. ಧಾರಾವಾಹಿಯ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಹಾಕುತ್ತೇವೆ. ಮಾರುಕಟ್ಟೆಯ ಒಳಗು ಬಲ್ಲವರು ಯಾರಾದರೂ ಇದ್ದರೆ, ಟೆಂಡರ್ ದಿನ ಕೊಲೆ ಮಾಡಿ ಯಾರ ಕಣ್ಣಿಗೂ ಬೀಳದೆ ಹೋಗಲು ಸಾಧ್ಯವೇ ಎಂದು ತಿಳಿಸಿ.

ಉತ್ತರ 4 (ಬ್ಯಾಡಗಿ)

ಟೆಂಡರ್ ದಿನ ಸಾಧ್ಯವಿಲ್ಲ. ಚೀಲ ಇಳಿಸುವ, ಸುರಿಯುವ, ತೂಕ ಹಾಕುವ, ಮತ್ತೆ ಲಾರಿಗೆ ಏರಿಸುವ ಹಮಾಲರು ಕತ್ತಲಾಗುವವರೆಗೂ ಅಂಗಡಿಗಳ ಒಳಗೆ ಹೊರಗೆ ಓಡಾಡುತ್ತಲೇ ಇರುತ್ತಾರೆ. ಪಟ್ಟಿ ಬರೆಸಿಕೊಂಡು ಹಣಕ್ಕಾಗಿ ಕಾಯುವ ರೈತರು ಗದ್ದಿಗೆಯ ಎದುರೇ ಕೂತಿರುತ್ತಾರೆ, ದಲಾಲ ಒಂಟಿಯಾಗಿ ಸಿಗುವ ಮಾತೇ ಇಲ್ಲ. ಅವನು ಒಬ್ಬನೇ ಕೂತು ಕಿರ್ದಿ (ಲೆಕ್ಕದ ಪುಸ್ತಕ) ನೋಡುವುದು ಮರುದಿನ. ಆದರೆ ಕೊಲೆಯನ್ನು ಮಂಗಳವಾರಕ್ಕೆ ತಂದರೆ ಸೋಮವಾರ, ಗುರುವಾರದ ಲೆಕ್ಕ ಬಿದ್ದುಹೋಗುತ್ತದೆ. ಸಿಟ್ಟಿಗೆದ್ದ ರೈತರೆಲ್ಲ ಅಷ್ಟರಲ್ಲಿ ಊರು ಸೇರಿರುತ್ತಾರಾದ್ದರಿಂದ, ನಿಮ್ಮ ಪೊಲೀಸರು ಮೊದಲು ಅನುಮಾನಿಸಬೇಕಾದ್ದು ಅಂಗಡಿಯ ಗುಮಾಸ್ತನನ್ನು.