ಬೋರಿವಲಿ ಸಫಾರಿ ಬಸ್ಸಿನ ಜಾಲರಿ: ಹುಲಿ ಫೋಟೋ ಮಂಕು, ಫೋಕಸ್ ಕೂಡ ನಿಲ್ಲುತ್ತಿಲ್ಲ

ಕಾಂದಿವಲಿ ಕ್ಯಾಮೆರಾ:

ಎಲ್ಲರಿಗೂ ನಮಸ್ಕಾರ. ನವರಾತ್ರಿ ರಜೆಯಲ್ಲಿ ಮುಂಬೈ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಹುಲಿ ಮತ್ತು ಸಿಂಹ ಸಫಾರಿ ಎರಡನ್ನೂ ಮಾಡಿದೆ. ಹೋದವರಿಗೆ ಗೊತ್ತು, ಅಲ್ಲಿ ಮಿನಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ. ನಮ್ಮ ಬನ್ನೇರುಘಟ್ಟದ ಬಸ್ಸಿನ ಥರವೇ.

ಪ್ರಾಣಿಗಳು ಚೆನ್ನಾಗಿ ಕಾಣಿಸಿದವು. ಒಂದು ಹುಲಿ ದಾರಿ ಪಕ್ಕದಲ್ಲೇ ಹುಲ್ಲಿನಿಂದ ಎದ್ದು ಬಂದು, ಬಸ್ಸನ್ನು ನೋಡಿ, ಮೈ ಮುರಿದು ಮತ್ತೆ ಮಲಗಿತು. ಆದರೆ ಫೋಟೋಗಳನ್ನು ನೋಡಿದರೆ ಅಳು ಬರುತ್ತದೆ. ಹುಲಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ಕಪ್ಪು ಪಟ್ಟೆಗಳೆಲ್ಲ ಬೂದಿ ಬಣ್ಣ. ಇನ್ನು ಕೆಲವದರಲ್ಲಿ ಜಾಲರಿಯ ತಂತಿ ಮಾತ್ರ ಶಾರ್ಪ್, ತುಕ್ಕಿನ ಚುಕ್ಕೆ ಕೂಡ ಎಣಿಸಬಹುದು, ಹಿಂದೆ ಹುಲಿ ಬರೀ ಕಿತ್ತಳೆ ಬಣ್ಣದ ಮುದ್ದೆ. ಒಂದು ವಿಚಿತ್ರ ಏನೆಂದರೆ, ಹೋಗುವಾಗ ತೆಗೆದದ್ದು ಪೂರ್ತಿ ಮಂಕು. ಬಸ್ಸು ತಿರುಗಿ ಬರುವಾಗ ಅದೇ ಕಿಟಕಿಯಿಂದ ತೆಗೆದದ್ದು ಸುಮಾರಾಗಿ ಚೆನ್ನಾಗಿದೆ.

ಕ್ಯಾಮೆರಾ ಕ್ಯಾನನ್ 200ಡಿ, ಲೆನ್ಸ್ 55-250 ಎಸ್‌ಟಿಎಂ. ಅಪರ್ಚರ್ ಎಫ್/8, ಶಟರ್ 1/250 ಸೆಕೆಂಡ್, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) ಆಟೋ. ಒಬ್ಬ ರಿಪೇರಿಯವರು ಲೆನ್ಸ್ ಒಳಗೆ ಫಂಗಸ್ ಇರಬಹುದು, ಬಿಚ್ಚಿ ಕ್ಲೀನ್ ಮಾಡಬೇಕು ಎನ್ನುತ್ತಿದ್ದಾರೆ. ಗೆಳೆಯ 70-200 ಎಫ್/2.8 ಲೆನ್ಸ್ ತಗೋ ಅಂತಾನೆ. ಎರಡಕ್ಕೂ ದುಡ್ಡು ಹಾಕುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಹಳೇ ಲೆನ್ಸ್:

ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಇಷ್ಟಕ್ಕೆ ಉತ್ತರ ಹೇಳಿ. ಎಷ್ಟು ಹೊತ್ತಿಗೆ ಹೋಗಿದ್ದಿರಿ? ಮಂಕು ಬಂದ ಫೋಟೋ ತೆಗೆಯುವಾಗ ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು? ಲೆನ್ಸ್ ಮುಂದೆ ಯುವಿ ಫಿಲ್ಟರ್ (ತಿರುಗಿಸಿ ಹಾಕುವ ಗಾಜು) ಇದೆಯಾ, ಹುಡ್ (ಬಿಸಿಲು ತಡೆಯುವ ಕೊಳವೆ) ಇದೆಯಾ? ಜಾಲರಿಯಿಂದ ಎಷ್ಟು ದೂರ ಹಿಡಿದಿದ್ದಿರಿ? ಬೋರಿವಲಿಗೆ ಹೋಗಿದ್ದು ಎಸಿ ಲೋಕಲ್ ರೈಲಿನಲ್ಲಾ?

ಕಾಂದಿವಲಿ ಕ್ಯಾಮೆರಾ:

ಬೆಳಿಗ್ಗೆಯೇ ಹೋಗಿದ್ದೆ. ಬಿಸಿಲು ಬೆನ್ನ ಹಿಂದಿನಿಂದ, ಆಚೆ ಕಿಟಕಿಯಿಂದ ಒಳಗೆ ಬೀಳುತ್ತಿತ್ತು. ಬೆಳಕು ಬೆನ್ನಿಗಿದ್ದರೆ ಒಳ್ಳೆಯದು ಅಲ್ವಾ ಅಂತ ಆ ಕಡೆಯೇ ಕೂತೆ. ಯುವಿ ಫಿಲ್ಟರ್ ಇದೆ, ಹುಡ್ ಇಲ್ಲ. ಜಾಲರಿಯಿಂದ ಒಂದು ಅಡಿ ಹಿಂದೆ ಹಿಡಿದಿದ್ದೆ. ನಡುವೆ ಸ್ವಲ್ಪ ಹೊತ್ತು ಎದ್ದು ನಿಂತು ಆಚೆ ಬದಿಯ ಕಿಟಕಿಯಿಂದಲೂ ತೆಗೆದೆ. ಹೌದು, ಎಸಿ ಲೋಕಲ್. ಫೋಟೋ ಹಾಕಿದ್ದೇನೆ ನೋಡಿ.

ಹಳೇ ಲೆನ್ಸ್:

ನೋಡಿದೆ. ನಿಮ್ಮ ಲೆನ್ಸ್‌ಗೆ ಏನೂ ಆಗಿಲ್ಲ. ಫಂಗಸ್ ಇದ್ದರೆ ತಿರುಗಿ ಬರುವಾಗಿನ ಫೋಟೋನೂ ಹಾಗೇ ಇರಬೇಕಿತ್ತು. ಅನುಮಾನ ಉಳಿದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಲೆನ್ಸಿನ ಒಂದು ತುದಿಯಿಂದ ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಮಾತ್ರ ಫಂಗಸ್. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮಬ್ಬಿಗೆ ಕಾರಣ ಜಾಲರಿಯ ಮೇಲೆ ಬಿದ್ದ ಬಿಸಿಲು. ಮನೆಯ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿರುತ್ತೀರಿ ಅಲ್ವಾ. ಹಗಲು ಒಳಗೆ ಕೂತು ನೋಡಿದರೆ ಜಾಲರಿ ಇರುವುದೇ ಗೊತ್ತಾಗುವುದಿಲ್ಲ, ಆಚೆ ಬೀದಿ ಸ್ಪಷ್ಟ. ರಾತ್ರಿ ಕೋಣೆಯ ಲೈಟು ಹಾಕಿದರೆ ಜಾಲರಿ ಮಾತ್ರ ಕಾಣುತ್ತದೆ. ಜಾಲರಿ ಅದೇ, ಬೆಳಕು ಬಿದ್ದ ಬದಿ ಬೇರೆ. ಬಸ್ಸಿನಲ್ಲೂ ಇದೇ ಆಗುತ್ತಿದೆ. ಬೆಳಗಿನ ಬಿಸಿಲು ಕೆಳಗಿರುತ್ತದೆ, ಆಚೆ ಕಿಟಕಿಯಿಂದ ನೇರ ಒಳಗೆ ನುಗ್ಗಿ ನಿಮ್ಮ ಜಾಲರಿಯ ಒಳಮುಖದ ಮೇಲೆ ಬೀಳುತ್ತದೆ. ಹೊಳೆಯುವ ಆ ತಂತಿ ಫೋಕಸ್‌ನಲ್ಲಿ ಇರುವುದಿಲ್ಲ. ಹಾಗಾಗಿ ತಂತಿಯಾಗಿ ಕಾಣದೆ ಇಡೀ ಫ್ರೇಮಿನ ಮೇಲೆ ಬಿಳಿ ಪರದೆಯಾಗಿ ಹರಡುತ್ತದೆ. ಬಸ್ಸು ತಿರುಗಿದ ಮೇಲೆ ಒಳಮುಖ ನೆರಳಾಯಿತು, ಮಬ್ಬು ಹೋಯಿತು.

ಸೂರ್ಯ ಬೆನ್ನಿಗಿರಲಿ ಅನ್ನುವ ಪಾಠ ಬಯಲಲ್ಲಿ ಸರಿ. ಜಾಲರಿ ಅಡ್ಡ ಇದ್ದಾಗ ಅದನ್ನು ಬದಿಗಿಡಿ. ತಂತಿ ನೆರಳಲ್ಲಿರುವ ಕಡೆ ಕೂರಿ. ಸಫಾರಿ ದಾರಿ ಸುತ್ತಿಕೊಂಡು ಹೋಗುವುದರಿಂದ ನೆರಳಿನ ಬದಿ ಬದಲಾಗುತ್ತಲೇ ಇರುತ್ತದೆ. ಬಿಸಿಲು ನಿಮ್ಮ ಕಡೆ ತಿರುಗಿದಾಗ ಎಡಗೈ ಅಂಗೈಯನ್ನೋ ಕಪ್ಪು ಟೋಪಿಯನ್ನೋ ಲೆನ್ಸಿನ ಪಕ್ಕ ಹಿಡಿದು, ಲೆನ್ಸಿನ ಮುಂದಿರುವ ಅಂಗೈಯಗಲದ ಜಾಗಕ್ಕೆ ಮಾತ್ರ ನೆರಳು ಮಾಡಿ. ವ್ಯೂಫೈಂಡರ್‌ನಲ್ಲೇ ಹುಲಿಯ ಪಟ್ಟೆ ಕಪ್ಪಾಗುವುದು ಕಣ್ಣಿಗೆ ಕಾಣುತ್ತದೆ. ಹುಡ್ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಈ ಲೆನ್ಸ್‌ಗೆ ಇಟಿ-63 ಹುಡ್ ಬರುತ್ತದೆ, ಬೇರೆ ಕಂಪನಿಯದ್ದೂ ನಡೆಯುತ್ತದೆ. ಯುವಿ ಫಿಲ್ಟರ್ ಬಿಚ್ಚಿಡಿ. ಬಿಸಿಲಿಗೆ ಹೊಳೆಯುವ ಇನ್ನೊಂದು ಗಾಜು ಅಲ್ಲಿ ಬೇಡ.

ಎರಡನೆಯದು ದೂರ ಮತ್ತು ಎಫ್ ಸಂಖ್ಯೆ. ಇದನ್ನು ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ, ಯಾಕೆಂದರೆ ಲೆಕ್ಕ ಅರ್ಥವಾದರೆ ಯಾವ ಮೃಗಾಲಯಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ. 250 ಎಂಎಂನಲ್ಲಿ ಎಫ್/5.6 ಇಟ್ಟರೆ ಬೆಳಕು ಒಳಗೆ ಬರುವ ಕಿಂಡಿ ಸುಮಾರು 45 ಮಿ.ಮೀ. ಅಗಲ. 250 ಭಾಗಿಸು 5.6, ಅಷ್ಟೇ. ಜಾಲರಿಗೆ ಹತ್ತಿರ ಹಿಡಿದಾಗ 3 ಮಿ.ಮೀ. ದಪ್ಪದ ಒಂದು ತಂತಿ ಅಡ್ಡ ಬಂದರೆ ಆ ಕಿಂಡಿಯ ನೂರರಲ್ಲಿ ಎಂಟೊಂಬತ್ತು ಪಾಲು ಮುಚ್ಚುತ್ತದೆ. ಉಳಿದ ಜಾಗದಿಂದ ಹುಲಿಯ ಬೆಳಕು ಧಾರಾಳವಾಗಿ ಬರುತ್ತದೆ, ತಂತಿ ಕರಗಿಹೋಗುತ್ತದೆ. ಎಫ್/11 ಇಟ್ಟರೆ ಕಿಂಡಿ 23 ಮಿ.ಮೀ.ಗೆ ಇಳಿಯುತ್ತದೆ. ಅದೇ ತಂತಿ ಈಗ ಎರಡರಷ್ಟು ಪಾಲು ಮುಚ್ಚುತ್ತದೆ. ಎಫ್/8 ಇವೆರಡರ ನಡುವೆ. ಹಾಗಾಗಿ ಲೆನ್ಸ್ ಕೊಡುವಷ್ಟು ದೊಡ್ಡ ಅಪರ್ಚರ್ (ಅಂದರೆ ದೊಡ್ಡ ಕಿಂಡಿ, ಸಣ್ಣ ಎಫ್ ಸಂಖ್ಯೆ) ಇಡಿ, ಜೂಮ್ ಜಾಸ್ತಿ ಇರಲಿ, ಹುಡ್ಡಿನ ತುದಿ ಜಾಲರಿಗೆ ಒಂದೆರಡು ಬೆರಳಿನಷ್ಟು ಹತ್ತಿರ ಇರಲಿ. ತಾಗಿಸಬೇಡಿ. ಎಂಜಿನ್ ಓಡುತ್ತಿದ್ದರೆ ಬಸ್ಸಿನ ನಡುಕ ಪೂರ್ತಿ ಲೆನ್ಸಿಗೆ ಬರುತ್ತದೆ. ಲೆನ್ಸ್, ಬೆರಳು, ಯಾವುದೂ ಜಾಲರಿಯಾಚೆ ಹೋಗಕೂಡದು. ಹುಲಿ ಮಲಗಿದೆ ಅಂತ ಧೈರ್ಯ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಎಫ್/2.8 ಲೆನ್ಸ್ ಇದ್ದರೆ ಕಿಂಡಿ ಇನ್ನೂ ದೊಡ್ಡದಾಗುತ್ತದೆ, ನಿಮ್ಮ ಗೆಳೆಯ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಆದರೆ ಬಿಸಿಲು ಬಿದ್ದ ಜಾಲರಿಯ ಹಿಂದೆ ಅದೂ ಮಂಕಾಗಿಯೇ ತೆಗೆಯುತ್ತದೆ.

ಎಸಿ ಲೋಕಲ್ ಬಗ್ಗೆ ಯಾಕೆ ಕೇಳಿದೆ ಅಂದರೆ, ಮುಂಬೈಯ ಅಕ್ಟೋಬರ್ ಸೆಕೆಯಲ್ಲಿ ತಣ್ಣಗಿರುವ ಲೆನ್ಸನ್ನು ಹೊರಗೆ ತೆಗೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ನಿಮ್ಮ ಮೊದಲ ನಾಲ್ಕೈದು ಫೋಟೋಗಳಲ್ಲಿ ಮೂಲೆಗಿಂತ ನಡುಭಾಗ ಜಾಸ್ತಿ ಮಸುಕಾಗಿದೆ. ಅದು ಹಬೆಯದ್ದೇ ಇರಬೇಕು. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿನ ಗಾಳಿಯಲ್ಲಿ ಇಟ್ಟುಕೊಂಡು ಓಡಾಡಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ಟಿಕೆಟ್ ಸಾಲಿನಲ್ಲಿ ಆ ಹೊತ್ತು ತಾನಾಗಿ ಕಳೆಯುತ್ತದೆ.

ಡೊಂಬಿವಲಿ ಫಾಸ್ಟ್:

ಫೋಕಸ್ ಬಗ್ಗೆ ನಾನು ಹೇಳುತ್ತೇನೆ, ನನ್ನದೂ ಇದೇ ಲೆನ್ಸ್. ಇದು 85 ಸೆಂ.ಮೀ.ಗಿಂತ ಹತ್ತಿರದ್ದಕ್ಕೆ ಫೋಕಸ್ ಮಾಡುವುದಿಲ್ಲ. ನೀವು ಎದ್ದು ಆಚೆ ಬದಿಯ ಕಿಟಕಿಯಿಂದ ತೆಗೆದಾಗ ಜಾಲರಿ ಒಂದು ಮೀಟರ್‌ಗಿಂತ ದೂರ ಇತ್ತು, ಸೀದಾ ತಂತಿಗೇ ಹೋಗಿ ಕೂತಿತು. ನಿಮ್ಮ ಕಿಟಕಿಯಲ್ಲಿ ಜಾಲರಿ ತೀರಾ ಹತ್ತಿರ, ಅದಕ್ಕೆ ಹಿಡಿಯಲಾಗದೆ ಮುಂದೆ ಹಿಂದೆ ಓಡಿತು. ಎರಡೂ ಒಂದೇ ಕಾರಣದಿಂದ: 200ಡಿ ತಾನೇ ಫೋಕಸ್ ಪಾಯಿಂಟ್ ಆರಿಸುವ ಮೋಡಿನಲ್ಲಿ ಸಾಮಾನ್ಯವಾಗಿ ಹತ್ತಿರದ್ದನ್ನೇ ಹಿಡಿಯುತ್ತದೆ. ನಡುವಿನ ಒಂದೇ ಪಾಯಿಂಟ್ ಇಟ್ಟುಕೊಳ್ಳಿ. ಜಾಲರಿಯ ಕಣ್ಣಿನ ನಡುವಿನಿಂದ ಹುಲಿಯ ಕೆನ್ನೆಯ ಬಿಳಿ-ಕಪ್ಪು ಕೂಡುವ ಜಾಗಕ್ಕೆ ಆ ಪಾಯಿಂಟ್ ಇಡಿ. ಅಲ್ಲಿ ಕಾಂಟ್ರಾಸ್ಟ್ ಜಾಸ್ತಿ, ತಟ್ಟನೆ ಹಿಡಿಯುತ್ತದೆ.

ಇನ್ನೊಂದು, ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂದಿನ ನಕ್ಷತ್ರ ಗುರುತಿನ ಬಟನ್ನಿಗೆ ಕೊಡಿ. ಕಸ್ಟಮ್ ಫಂಕ್ಷನ್‌ನಲ್ಲಿ ಸಿಗುತ್ತದೆ. ಬಸ್ಸು ಗೇಟ್ ದಾಟುವಾಗಲೇ ಹದಿನೈದಿಪ್ಪತ್ತು ಮೀಟರ್ ದೂರದ ಮರಕ್ಕೆ ಫೋಕಸ್ ಮಾಡಿಟ್ಟುಕೊಳ್ಳಿ. ಹುಲಿ ಕಂಡಾಗ ಸಣ್ಣ ತಿದ್ದುಪಡಿ ಸಾಕು. ಶಟರ್ 1/250 ಕಡಿಮೆಯಾಯಿತು. ಲೆನ್ಸಿನಲ್ಲಿರುವ ಐಎಸ್ ವ್ಯವಸ್ಥೆ ಕೈನಡುಕವನ್ನು ತಡೆಯುತ್ತದೆ, ನಡೆಯುವ ಹುಲಿಯನ್ನು ನಿಲ್ಲಿಸುವುದಿಲ್ಲ. 1/500 ಇಡಿ, ಐಎಸ್‌ಒ 1600 ಹೋದರೂ ಪರವಾಗಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆದರೆ ಉಳಿದ ಸ್ವಲ್ಪ ಮಬ್ಬನ್ನು ಎಡಿಟ್ ಮಾಡುವಾಗ ಡೀಹೇಜ್ ಸ್ಲೈಡರ್‌ನಲ್ಲಿ ತೆಗೆಯಬಹುದು. ಜಾಸ್ತಿ ಎಳೆದರೆ ಹುಲಿ ಸುಟ್ಟ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ನೋಡಿಕೊಳ್ಳಿ.

ಮಾಟುಂಗಾ ಅಕ್ಕ:

ನಮ್ಮ ಮನೆಗೆ ಹತ್ತಿರ ಭಾಯ್ಖಳಾದ ರಾಣಿ ಬಾಗ್ ಮೃಗಾಲಯ. ಅಲ್ಲಿ ಹುಲಿಗೂ ಚಿರತೆಗೂ ದೊಡ್ಡ ಗಾಜು ಹಾಕಿದ್ದಾರೆ, ಜಾಲರಿ ಕಾಟ ಇಲ್ಲ. ಆದರೆ ಫೋಟೋದಲ್ಲಿ ಹುಲಿಗಿಂತ ಹಿಂದೆ ನಿಂತವರ ಅಂಗಿಯೇ ಚೆನ್ನಾಗಿ ಬರುತ್ತದೆ. ಪೋಲರೈಸರ್ (ಪ್ರತಿಫಲನ ಕಡಿಮೆ ಮಾಡುವ ಫಿಲ್ಟರ್) ಹಾಕಿ ಎಂದರು ಯಾರೋ. ಪ್ರಯೋಜನ ಕಾಣಲಿಲ್ಲ. ಮೊಬೈಲ್‌ನಲ್ಲಿ ತೆಗೆಯುವವರಿಗೂ ಏನಾದರೂ ದಾರಿ ಹೇಳಿ.

ಹಳೇ ಲೆನ್ಸ್:

ಅಕ್ಕ, ಗಾಜಿಗೆ ನೇರ ನಿಂತರೆ ಪೋಲರೈಸರ್ ಏನೂ ಮಾಡುವುದಿಲ್ಲ. ಗಾಜಿಗೆ ಲಂಬವಾದ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಲ್ಲಿ ನಿಂತಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಷ್ಟು ಓರೆಯಾಗಿ ದಪ್ಪ ಗಾಜಿನೊಳಗೆ ನೋಡಿದರೆ ಚಿತ್ರವೇ ಮೆತ್ತಗಾಗುತ್ತದೆ, ಮೇಲಾಗಿ ಒಂದರಿಂದ ಎರಡು ಸ್ಟಾಪ್ (ಅರ್ಧದಿಂದ ಮುಕ್ಕಾಲು ಪಾಲು) ಬೆಳಕೂ ಹೋಗುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ರಬ್ಬರ್ ಹುಡ್ ಹಾಕಿ, ಗಾಜನ್ನು ಒರೆಸಿ, ಹುಡ್ಡನ್ನು ನೇರವಾಗಿ ಗಾಜಿಗೆ ಒತ್ತಿ. ಅಲ್ಲಿ ಬಸ್ಸಿನ ನಡುಕ ಇಲ್ಲ, ತಾಗಿಸಬಹುದು. ಸುತ್ತ ಕಪ್ಪು ದುಪಟ್ಟಾ ಹಿಡಿದರೆ ಪ್ರತಿಬಿಂಬ ಪೂರ್ತಿ ಮಾಯ. ತಿಳಿ ಬಣ್ಣದ ಬಟ್ಟೆ ಹಾಕಿಕೊಳ್ಳಬೇಡಿ. ಫ್ಲ್ಯಾಶ್ ಖಂಡಿತ ಬೇಡ. ಗಾಜು ಬಡಿದು ಪ್ರಾಣಿಯನ್ನು ಎಬ್ಬಿಸುವವರು ಪಕ್ಕದಲ್ಲಿದ್ದರೆ ನಯವಾಗಿ ಹೇಳಿ ನಿಲ್ಲಿಸಿ. ಚಿತ್ರ ಹಸಿರಾಗಿ ಬಂದರೆ ದಪ್ಪ ಗಾಜಿನ ಬಣ್ಣ ಅದು, ವೈಟ್ ಬ್ಯಾಲೆನ್ಸ್ ತಿದ್ದಿದರೆ ಹೋಗುತ್ತದೆ. ಬುಧವಾರ ರಾಣಿ ಬಾಗ್‌ಗೆ ರಜೆ, ಬೋರಿವಲಿಗೆ ಸೋಮವಾರ ರಜೆ. ನೆನಪಿರಲಿ.

ಮೊಬೈಲ್ ವಿಷಯಕ್ಕೆ ಬಂದರೆ, ಗಾಜಿಗೆ ಫೋನನ್ನೇ ಒತ್ತಿ ಹಿಡಿಯಿರಿ. ಜಾಲರಿಯಲ್ಲಿ ಇನ್ನೂ ಸುಲಭ. ಮುಖ್ಯ ಕ್ಯಾಮೆರಾದ ಕಿಂಡಿ ಮೂರ್ನಾಲ್ಕು ಮಿ.ಮೀ. ಮಾತ್ರ, ಜಾಲರಿಯ ಒಂದು ಕಣ್ಣಿನೊಳಗೆ ಆರಾಮಾಗಿ ಕೂರುತ್ತದೆ. ತಂತಿ ಅಡ್ಡ ಬಂದರೆ ಮಾತ್ರ ಕೆಟ್ಟಿತು. ಅಷ್ಟು ಸಣ್ಣ ಕಿಂಡಿಯನ್ನು ಒಂದೇ ತಂತಿ ಮುಚ್ಚಿಬಿಡುತ್ತದೆ. ಫೋನಿನ ಹಗ್ಗ ಕುತ್ತಿಗೆಯಲ್ಲಿರಲಿ.

ಕಾಂದಿವಲಿ ಕ್ಯಾಮೆರಾ:

ಮತ್ತೆ ಹೋಗಿ ಬಂದೆ! ಹುಡ್ ಕೊಂಡೆ, ಫಿಲ್ಟರ್ ಬಿಚ್ಚಿದೆ, ಎಫ್/5.6, 1/500, ಒಂದೇ ಪಾಯಿಂಟ್. ನೆರಳಿನ ಬದಿಯ ಸೀಟಿಗಾಗಿ ಮುಂದಿನ ಬಸ್ಸಿಗೆ ಕಾದೆ. ಹುಲಿಯ ಮೀಸೆಯ ಒಂದೊಂದು ಕೂದಲೂ, ಕಿವಿಯ ಹಿಂದಿನ ಬಿಳಿ ಚುಕ್ಕೆಯೂ ಸ್ಪಷ್ಟ ಬಂದಿವೆ. ಬಿಸಿಲು ತಿರುಗಿದಾಗ ಅಂಗೈ ಅಡ್ಡ ಹಿಡಿದೆ. ನೀವು ಹೇಳಿದ ಹಾಗೆ ಪಟ್ಟೆ ಕಪ್ಪಾಯಿತು, ನೋಡಿ ಬಹಳ ಖುಷಿಯಾಯಿತು. 2022ರಲ್ಲಿ ಗುಜರಾತಿನ ಸಕ್ಕರ್‌ಬಾಗ್ ಮೃಗಾಲಯದಿಂದ ಸಿಂಹದ ಜೋಡಿ ಬಂದಿತ್ತಲ್ಲ. ಸಿಂಹ ಸಫಾರಿಯಲ್ಲಿ ಸಿಕ್ಕ ಗಂಡಿನ ಹೊಟ್ಟೆ ಕೆಳಗೆ ಜೋಲುವ ಚರ್ಮದ ಮಡಿಕೆ ಕೂಡ ಬಂದಿದೆ, ಏಷ್ಯಾ ಸಿಂಹದ ಗುರುತು ಅದೇ ಅಂತೆ.

ಒಂದೇ ಒಂದು ತೊಂದರೆ ಉಳಿದಿದೆ. ಹುಲಿ ಸರಿಯಾಗಿದೆ, ಆದರೆ ಹಿಂದಿನ ಎಲೆಗಳ ನಡುವೆ ಹೊಳೆಯುವ ಬೆಳಕಿನ ಚುಕ್ಕೆಗಳ ಒಳಗೆ ಗೀಟು ಗೀಟು ಕಾಣಿಸುತ್ತಿದೆ.

ಹಳೇ ಲೆನ್ಸ್:

ಫೋಟೋ ನೋಡಿ ನನಗೂ ಖುಷಿಯಾಯಿತು. ಆ ಗೀಟು ಜಾಲರಿಯ ನೆರಳು. ಫೋಕಸ್ ತಪ್ಪಿದ ಪ್ರತಿ ಬೆಳಕಿನ ಚುಕ್ಕೆಯೂ ಲೆನ್ಸ್ ಕಿಂಡಿಯ ಆಕಾರವನ್ನೇ ತೋರಿಸುತ್ತದೆ. ಕಿಂಡಿಯ ಮುಂದೆ ತಂತಿ ಇದ್ದರೆ ತಂತಿಯೂ ಅದರೊಳಗೆ ಬರುತ್ತದೆ. ಅಪರ್ಚರ್ ಬದಲಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಎಲೆಗಳ ಸಂದಿನಿಂದ ಆಕಾಶ ಇಣುಕುವ ಹಿನ್ನೆಲೆ ಬಿಟ್ಟು, ನೆರಳಿನ ಹುಲ್ಲೋ ಮಣ್ಣಿನ ದಿಬ್ಬವೋ ಹಿಂದಿರುವಾಗ ಕ್ಲಿಕ್ ಮಾಡಿ. ಬಸ್ಸು ನಿಂತಾಗ ಸೀಟಿನಲ್ಲೇ ಅರ್ಧ ಅಡಿ ಆಚೀಚೆ ಸರಿದರೂ ಹಿನ್ನೆಲೆ ಬದಲಾಗುತ್ತದೆ. ಜಾಲರಿಯ ಕಣ್ಣು ನಿಮ್ಮ ಲೆನ್ಸಿನ ಕಿಂಡಿಗಿಂತ ದೊಡ್ಡದಿದ್ದರೆ ಕಣ್ಣಿನ ನಡುಮಧ್ಯಕ್ಕೆ ಲೆನ್ಸ್ ತನ್ನಿ, ಗೀಟು ತಾನಾಗಿ ಹೋಗುತ್ತದೆ. ಮುಂದಿನ ಸಲ ಹತ್ತುವಾಗಲೇ ಬೆರಳಿನಿಂದ ಜಾಲರಿಯ ಕಣ್ಣನ್ನು ಅಳೆದು ನೋಡಿ ಇಲ್ಲಿ ಬರೆಯಿರಿ. 45 ಮಿ.ಮೀ.ಗಿಂತ ಸಣ್ಣದಾಗಿದ್ದರೆ 200 ಎಂಎಂಗೆ ಇಳಿದು ತೆಗೆಯುವುದು ಹೇಗೆ ಬರುತ್ತದೆ ಅಂತ ನೋಡೋಣ.